ಗಂಟು ಹಾಕಿ ನೋಡದ ದಾರ

ಗೋಣಿಬೀಡಿನ ಬಸ್ ಸ್ಟಾಪಿನ ಪಕ್ಕದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಚರ್ಮ ಹೊಲಿಯುವ ಜವರಮ್ಮನ ಮುಂದೆ ದಾರ ತಂದಿಟ್ಟವರು ಯಾರೂ ಮರ್ಯಾದೆ ಉಳಿಸಿಕೊಂಡು ಹಿಂದಿರುಗಿದ್ದಿಲ್ಲ. ಚಪ್ಪಲಿ ಕಿತ್ತುಹೋದವರು ಸುಮ್ಮನೆ ಚಪ್ಪಲಿ ಕೊಟ್ಟು, ಸುಮ್ಮನೆ ಕೂತು, ಸುಮ್ಮನೆ ಎದ್ದು ಹೋದರೆ ತೊಂದರೆ ಇರಲಿಲ್ಲ. "ಇದ್ರಲ್ಲಿ ಹೊಲೀರಿ" ಎಂದು ಒಂದು ಉಂಡೆ ಚಾಚಿದರೋ, ಮುಗಿಯಿತು. ಅವಳು ಅದರಿಂದ ಒಂದು ಗೇಣು ಕತ್ತರಿಸಿ, ನಡುವೆ ಗಂಟು ಹಾಕಿ, ಎರಡು ತುದಿಯನ್ನೂ ಮುಷ್ಟಿಗೆ ಸುತ್ತಿಕೊಂಡು ಒಂದೇ ಒಂದು ಸಲ ಜಗ್ಗುತ್ತಿದ್ದಳು. ಟಪ್! ತುಂಡಾದ ಎರಡು ಚೂರನ್ನೂ ತಂದವರ ಅಂಗೈಯಲ್ಲಿ ಇಟ್ಟು, "ಹೂ ಕಟ್ಟಾಕೆ ಆಗ್ತದೆ, ತಗಂಡು ಹೋಗಿ" ಎನ್ನುತ್ತಿದ್ದಳು.

ಸೀದಾ ಎಳೆದು ನೋಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ಅದು ಪೆದ್ದರು ಮಾಡೋ ಪರೀಕ್ಷೆ. ಸೀದಾ ಎಳೆದ್ರೆ ಹಾಳು ದಾರನೂ ತಡೀತದೆ. ಚರ್ಮದೊಳಗೆ ದಾರ ಸೀದಾ ಇರ್ತದಾ? ಒಂದೊಂದು ತೂತಲ್ಲೂ ಬಗ್ಗಬೇಕು. ಬಗ್ಗಿದಲ್ಲಿ ಮುರೀದೆ ಇದ್ರೆ ಅದು ದಾರ. ಗಂಟು ಹಾಕ್ದೆ ಅದು ಹೆಂಗೆ ಗೊತ್ತಾಗ್ತದೆ?"

ಹತ್ತಿ ದಾರವೆಂದರೆ ಆಷಾಢದ ಮಳೆ ಹಿಡಿದ ವಾರಕ್ಕೇ ಕೊಳೆಯುವಂಥದು. ನೈಲಾನ್ ಹಿಗ್ಗಿ ಹಿಗ್ಗಿ ಚರ್ಮವನ್ನೇ ಕೊಯ್ಯುತ್ತದೆ. ಇನ್ನು ಕಾಫಿ ಚೀಲದ ಬಾಯಿ ಹೊಲಿಯುವ ದಾರದಲ್ಲಿ ಚಪ್ಪಲಿ ಹೊಲಿಸಿಕೊಂಡವರ ಜೊತೆ ಮಾತಾಡುವುದೇ ಅವಳಿಗೆ ಅವಮಾನ. ಸಂಪಿಗೆಕಾನು ಎಸ್ಟೇಟಿನ ಮೇಸ್ತ್ರಿ ಬಾಲರಾಜ್ ಒಮ್ಮೆ ಅಂಥ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ. ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರ ಎದುರು ಅದನ್ನು ದಬ್ಬಣದ ತುದಿಯಲ್ಲಿ ಎತ್ತಿ ಹಿಡಿದು, "ಇದನ್ನ ಹೊಲಿದೋರು ಯಾರು ಮಾರಾಯ, ನಿನ್ನ ಮೇಲೆ ದ್ವೇಷ ಇದ್ದೋರಾ?" ಎಂದು ಕೇಳಿದ್ದಳು. ಅವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಹೋಮ್‌ಸ್ಟೇ ನಡೆಸುವ ಮೇಘಶ್ರೀಯ ಗತಿಯೂ ಅದೇ ಆಯಿತು. ಆಕೆ ಕಾರಿಂದಿಳಿದು ಬಂದು ಮೊಬೈಲಿನಲ್ಲಿ ಒಂದು ಚರ್ಮದ ಚೀಲದ ಚಿತ್ರ ತೋರಿಸಿದಳು. ಇಂಥವು ಇಪ್ಪತ್ತು ಬೇಕು, ದಪ್ಪ ಬಿಳಿ ದಾರ ಹಾಕಬೇಕು, ದೂರಕ್ಕೇ ಕಾಣಬೇಕು ಎಂದಳು. "ಹೊಲಿಗೆ ಸ್ವಲ್ಪ ಸೊಟ್ಟ ಇದ್ರೆ ಒಳ್ಳೇದು ಜವರಮ್ಮ. ಕೈಯಲ್ಲಿ ಹೊಲಿದದ್ದು ಅಂತ ಗೊತ್ತಾಗ್ಬೇಕಲ್ಲ."

"ಸೊಟ್ಟ ಹೊಲಿಯಾಕೆ ನಾನ್ಯಾಕೆ ಬೇಕು ಅಮ್ಮಾ? ನಿಮ್ಮ ಗೆಸ್ಟುಗಳ ಕೈಗೇ ದಬ್ಬಣ ಕೊಡಿ, ಚೆನ್ನಾಗಿ ಸೊಟ್ಟ ಹೊಲೀತಾರೆ" ಎಂದು ಜವರಮ್ಮ ಮೊಬೈಲನ್ನು ಹಿಂದಕ್ಕೆ ನೂಕಿದಳು.

ಅವಳು ಹೇಳಿದ್ದು ಹೆಚ್ಚು ಸಲ ಸರಿಯೇ ಇರುತ್ತಿತ್ತು, ಅದೇ ತೊಂದರೆ. ಹತ್ತಕ್ಕೆ ಒಂಬತ್ತು ಸಲ ಸರಿ ಹೇಳುವವರಿಗೆ ಹತ್ತನೆಯದೂ ತಮ್ಮದೇ ಎಂಬ ಸೊಕ್ಕು ಬರಲು ಎಷ್ಟು ಹೊತ್ತು?

ಆ ಸೊಕ್ಕಿಗೆ ಬೇರೆ ಕಾರಣವೂ ಇತ್ತು. ಅವಳ ಮಾವ ಗಿಡ್ಡಪ್ಪ ಬಿಳಿ ದೊರೆಗಳ ಕುದುರೆಗಳಿಗೆ ಜೀನು ಹೊಲಿಯುತ್ತಿದ್ದವನು. ಒಬ್ಬ ದೊರೆ ತೋಟ ಮಾರಿ ಹೊರಡುವಾಗ ಕೋವಿ ಒಬ್ಬರಿಗೆ, ಕುರ್ಚಿ ಇನ್ನೊಬ್ಬರಿಗೆ ಹಂಚಿ, ಗಿಡ್ಡಪ್ಪನಿಗೆ ಒಂದು ತಗಡಿನ ಡಬ್ಬಿ ತುಂಬ ದಾರ ಕೊಟ್ಟು ಹೋಗಿದ್ದ. ಅಗಸೆಯ ನಾರಿನ ದಾರ, ಜೀನು ಹೊಲಿಯಲೆಂದೇ ಹಡಗಿನಲ್ಲಿ ಬಂದದ್ದು. ದೊರೆಯ ನಂತರ ಬಂದ ಧಣಿಗಳೂ ಅದೇ ಜೀನಿನ ಮೇಲೆ ಕೂತರು. ಅದನ್ನು ಹೊಲಿದವನ ಕೈಯಿಂದ ಒಂದು ಲೋಟ ನೀರು ಮಾತ್ರ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಿಡ್ಡಪ್ಪ ಅದಕ್ಕೆ ಜಗಳವಾಡಲಿಲ್ಲ. "ನನ್ನ ಹೊಲಿಗೆ ಬಿಚ್ಚಿ ನೋಡ್ಲಿ, ಆಮೇಲೆ ಮಾತಾಡ್ಲಿ" ಎನ್ನುತ್ತಿದ್ದನಂತೆ. ಯಾರಿಂದಲೂ ಬಿಚ್ಚಲು ಆಗಲಿಲ್ಲ.

ಜವರಮ್ಮನಿಗೆ ಕೆಲಸ ಕಲಿಸಿದ್ದೂ ಆ ಮಾವನೇ. ಗಂಡನಿಗೆ ಲಾರಿಯ ಮೇಲೆ ಮನಸ್ಸು, ದಬ್ಬಣ ಕಂಡರೆ ಆಗುತ್ತಿರಲಿಲ್ಲ. ಎರಡು ಸೂಜಿ ಹಿಡಿದು ಒಂದೇ ತೂತಿನಲ್ಲಿ ಆಚೆಯಿಂದೊಂದು ಈಚೆಯಿಂದೊಂದು ದಾಟಿಸುವುದು, ಜೇನುಮೇಣ ತಿಕ್ಕುವುದು, ಗಂಟು ಹಾಕಿ ದಾರ ನೋಡುವುದು, ಎಲ್ಲ ಅವನಿಂದಲೇ ಬಂದದ್ದು. ಈಗ ಮಾವನೂ ಇಲ್ಲ, ಗಂಡನೂ ಇಲ್ಲ. ಮೂವತ್ತು ವರ್ಷಗಳಿಂದ ಆ ಡಬ್ಬಿ ಮಳೆಗಾಲದ ತೇವ ತಾಗಬಾರದೆಂದು ಒಲೆಯ ಮೇಲಿನ ಅಟ್ಟದಲ್ಲಿ ಕೂತಿತ್ತು. ಅದರಲ್ಲಿ ಹೊಲಿಯುವ ಯೋಗ್ಯತೆಯ ಸಾಮಾನು ಈ ತಾಲೂಕಿನಲ್ಲಿ ಯಾರ ಹತ್ತಿರವೂ ಇಲ್ಲವೆಂದು ಜವರಮ್ಮ ತೀರ್ಮಾನಿಸಿದ್ದಳು.

ಇನ್ನು ಅಳಿಯ ಯೋಗೇಶ್. ಒಬ್ಬಳೇ ಮಗಳು ಸುಕನ್ಯಾ ತಾನಾಗಿ ಒಪ್ಪಿ ಕಟ್ಟಿಕೊಂಡ ಗಂಡು. ಮದುವೆಯಾಗಿ ಒಂಬತ್ತು ವರ್ಷ, ಎರಡು ಮಕ್ಕಳು, ಕುಡಿತವಿಲ್ಲ, ಜಗಳವಿಲ್ಲ. ಆದರೂ ಜವರಮ್ಮನ ಬಾಯಲ್ಲಿ ಅವನಿಗೆ ಇದ್ದ ಹೆಸರು ಮಂಗ. ಯಾಕೆಂದರೆ ಅವನು ಮರ ಹತ್ತುವವನು. ಕಾಫಿ ಗಿಡಕ್ಕೆ ಬೇಕಾದಷ್ಟು ಬೆಳಕು ಬೀಳಲೆಂದು ಮುಂಗಾರಿಗೆ ಮೊದಲು ನೆರಳಿನ ಮರಗಳ ಕೊಂಬೆ ಸವರುತ್ತಾರಲ್ಲ, ಆ ಮರಗಸಿ ಕೆಲಸದಲ್ಲಿ ಅವನದು ಎತ್ತಿದ ಕೈ. ನಲವತ್ತು ಐವತ್ತು ಅಡಿ ಮೇಲೆ ನಿಲ್ಲಬೇಕು. ಸೊಂಟಕ್ಕೆ ನಾಲ್ಕು ಬೆರಳಗಲದ ಚರ್ಮದ ಬೆಲ್ಟು, ಬೆಲ್ಟಿನ ಎರಡೂ ಪಕ್ಕಕ್ಕೆ ಕಬ್ಬಿಣದ ಬಳೆ, ಬಳೆಯಿಂದ ಬಳೆಗೆ ಮರವನ್ನು ಬಳಸಿದ ಹಗ್ಗ. ಬೆನ್ನನ್ನು ಹಿಂದಕ್ಕೆ ಚೆಲ್ಲಿ, ಎರಡೂ ಕೈ ಬಿಟ್ಟು ಕತ್ತಿ ಬೀಸಬೇಕು. ಆಗ ಅವನ ಇಡೀ ಭಾರ ಆ ಬಳೆಗಳ ಮೇಲೆ. ಬಳೆಯನ್ನು ಹಿಡಿದಿರುವುದು ಚರ್ಮದ ಮಡಿಕೆ, ಮಡಿಕೆಯನ್ನು ಹಿಡಿದಿರುವುದು ಹನ್ನೊಂದು ಹೊಲಿಗೆ.

ಈ ವರ್ಷ ಮೇ ತಿಂಗಳ ಒಂದು ಶನಿವಾರ ಯೋಗೇಶ್ ಹಳೆ ಬೆಲ್ಟಿನ ಬಳೆ ಸಡಿಲಾಗಿದೆಯೆಂದು ಹೊಸ ಚರ್ಮ ತಂದ. ಜೊತೆಗೆ ಕರೀ ಪಾಲಿಯೆಸ್ಟರ್ ದಾರದ ಒಂದು ರೀಲು.

"ಅತ್ತೆ, ಇದ್ರಲ್ಲಿ ಹೊಲಿದು ಕೊಡಿ. ಮೂಡಿಗೆರೇಲಿ ಜೀಪಿನ ಹುಡ್ ಹೊಲಿಯೋರು ಇದನ್ನೇ ಹಾಕೋದಂತೆ. ಮಳೆಗೂ ಎಂತ ಆಗಲ್ಲ, ಬಿಸಿಲಿಗೂ ಎಂತ ಆಗಲ್ಲ."

ಜವರಮ್ಮ ಒಂದು ಗೇಣು ಕತ್ತರಿಸಿ ಗಂಟು ಹಾಕಿ ಜಗ್ಗಿದಳು. ತುಂಡಾಗಲಿಲ್ಲ. ಒಂದು ತುದಿಯನ್ನು ಕಾಲಡಿ ಮೆಟ್ಟಿಕೊಂಡು ಜಗ್ಗಿದಳು. ಬೆರಳಿಗೆ ಕೆಂಪಗೆ ಗೆರೆ ಬಿತ್ತೇ ಹೊರತು ದಾರ ಅಲುಗಲಿಲ್ಲ. ಅಲ್ಲಿಗೆ ಬಾಯಿ ಮುಚ್ಚಿಕೊಂಡು ಹೊಲಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಅಳಿಯ ತಂದದ್ದು ಚೆನ್ನಾಗಿದೆ ಎನ್ನುವುದಕ್ಕಿಂತ ಆ ರೀಲನ್ನೇ ನುಂಗಿಬಿಡುವುದು ಅವಳಿಗೆ ಸುಲಭವಿತ್ತು.

"ಥೂ, ಎಂತ ಹೊಳಪು! ಒಳ್ಳೆ ಗೊಂಬೆ ಕೂದ್ಲು ಇದ್ದಂಗಿದೆ" ಎಂದು ಮೂಗು ಮುರಿದಳು.

"ಅಲ್ಲ ಅತ್ತೆ, ತುಂಡಾಗ್ಲಿಲ್ವಲ್ಲ?"

"ತುಂಡಾಗ್ದೆ ಇರೋದೆಲ್ಲ ದಾರ ಆದ್ರೆ ಬೇಲಿ ತಂತೀಲೂ ಹೊಲಿಬೋದು. ಮರ ಹತ್ತೋನು ಮರ ಹತ್ತು. ದಾರ ಆರ್ಸದು ನಂಗೆ ಬಿಡು, ಹೋಗು."

ಯೋಗೇಶ್ ನಕ್ಕು ಹೋದ. ಅತ್ತೆಯ ಮಾತಿಗೆ ನಗುವುದು ಅವನಿಗೆ ರೂಢಿಯಾಗಿತ್ತು. ಆ ನಗುವೂ ಅವಳಿಗೆ ಹಿಡಿಸುತ್ತಿರಲಿಲ್ಲ.

ಅವನು ಹೋದ ಮೇಲೆ ಅವಳು ಅಟ್ಟದ ಡಬ್ಬಿ ಇಳಿಸಿದಳು. ಬರೀ ಹಟದಿಂದ ಇಳಿಸಿದಳೆಂದರೆ ಅನ್ಯಾಯವಾದೀತು. ಮಗಳ ಗಂಡ ನೇತಾಡುವ ಬೆಲ್ಟಿಗೆ ಮನೆಯಲ್ಲಿರುವ ಎಲ್ಲಕ್ಕಿಂತ ಒಳ್ಳೆಯ ದಾರವೇ ಬೀಳಲಿ ಎಂಬ ಆಸೆಯೂ ಇತ್ತು. ಅದನ್ನು ಬಾಯಿಬಿಟ್ಟು ಹೇಳಿದರೆ ನಾಲಿಗೆ ಸವೆದುಹೋಗುತ್ತಿತ್ತೇನೋ! ದಾರವನ್ನು ಮಾಡಿನ ಪಕಾಸಿಗೆ ಕಟ್ಟಿ ರುಬ್ಬುವ ಗುಂಡು ತೂಗುಹಾಕಿದಳು, ತಡೆಯಿತು. ಬಿಸಿ ಮೇಣ ತಿಕ್ಕಿದಳು, ಮೆತ್ತಗೆ ಬಗ್ಗಿತು. ಊರಿನ ದಾರಕ್ಕೆಲ್ಲ ಗಂಟು ಹಾಕಿದವಳು ಅದಕ್ಕೆ ಮಾತ್ರ ಹಾಕಲಿಲ್ಲ. ಗಿಡ್ಡಪ್ಪನ ದಾರಕ್ಕೂ ಪರೀಕ್ಷೆಯೇ? ಮಾವನ ಕೈಯನ್ನೇ ಅನುಮಾನಿಸಿದ ಹಾಗೆ ಆಗುವುದಿಲ್ಲವೇ?

ಭಾನುವಾರ ಸಂಜೆಗೆ ಬೆಲ್ಟು ಮುಗಿಯಿತು. ಸೂಜಿಯಲ್ಲಿ ಒಂದು ಮಾರು ದಾರ ಉಳಿದಿತ್ತು. ದಂಡವಾಗಬಾರದೆಂದು ಬಣಕಲ್ಲಿನ ಮಂಜಯ್ಯನವರ ತೋಟದ ನಾಯಿಗೆ ಕೊರಳಪಟ್ಟಿಯನ್ನೂ ಅದರಲ್ಲೇ ಹೊಲಿದು, ಅವರ ಜೀಪಿನ ಡ್ರೈವರ್ ಕುಮಾರನ ಕೈಗೆ ಕೊಟ್ಟಳು. ಸೋಮವಾರ ಬೆಳಗ್ಗೆ ಯೋಗೇಶ್ ಹೊಸ ಬೆಲ್ಟು ಹೆಗಲಿಗೆ ಹಾಕಿಕೊಂಡು ಸಂಪಿಗೆಕಾನಿಗೆ ಹೋದ. ಅಂದು ಇಡೀ ದಿನ ಏನೂ ಆಗಲಿಲ್ಲ.

ಮಂಗಳವಾರ ಹತ್ತು ಗಂಟೆಯ ಸುಮಾರಿಗೆ ಕುಮಾರ್ ಜೀಪು ನಿಲ್ಲಿಸಿ, ಕೊರಳಪಟ್ಟಿಯನ್ನು ಜವರಮ್ಮನ ಮುಂದೆ ಎಸೆದ.

"ನಾಯಿ ನಿಮ್ಮ ಹೊಲಿಗೆ ನೋಡಿ ನಗಾಡ್ಕೊಂಡು ಓಡೋಯ್ತು, ಜವರಮ್ಮ."

"ನಾಯಿ ಕಟ್ಟಿದ್ರಾ, ಕಾಡುಕೋಣ ಕಟ್ಟಿದ್ರಾ?"

"ಆರು ತಿಂಗಳ ಮರಿ ಮಾರಾಯ್ತಿ! ಬೆಕ್ಕು ಕಂಡು ಒಂದು ಹಾರು ಹಾರ್ತು, ಅಷ್ಟೇ."

"ಹಂಗಾದ್ರೆ ಬಕಲ್ ತಿರುಗಿಸಿ ಹಾಕಿರ್ತೀಯ. ಜೀಪು ಓಡ್ಸಾಕೇ ಬರಲ್ಲ, ನಾಯಿ ಕಟ್ಟಾಕೆ ಬರ್ತದಾ ನಿಂಗೆ?" ಎನ್ನುತ್ತಲೇ ಅವಳು ಪಟ್ಟಿಯನ್ನು ಕೈಗೆತ್ತಿಕೊಂಡಳು.

ಚರ್ಮ ಹರಿದಿರಲಿಲ್ಲ. ತೂತುಗಳು ಹಿಗ್ಗಿರಲಿಲ್ಲ. ದಾರ ಮಾತ್ರ ಒಂದೊಂದು ತೂತಿನ ಬಾಯಲ್ಲೂ ಕತ್ತರಿಸಿಟ್ಟ ಹಾಗೆ ತುಂಡಾಗಿತ್ತು. ದಬ್ಬಣದಿಂದ ಚುಚ್ಚಿದರೆ ಚೂರುಗಳು ಪುಡಿಪುಡಿಯಾಗಿ ಮಡಿಲಿಗೆ ಉದುರಿದವು. ಜವರಮ್ಮನ ಬೈಗುಳ ಅರ್ಧಕ್ಕೇ ನಿಂತಿತು. ಜೊತೆಗೇ ತಂದಿಟ್ಟುಕೊಂಡಿದ್ದ ಡಬ್ಬಿಯ ಉಂಡೆಯಿಂದ ಒಂದು ಗೇಣು ಕತ್ತರಿಸಿ ಗಂಟು ಹಾಕಿದಳು. ಜಗ್ಗುವ ಪ್ರಮೇಯವೇ ಬರಲಿಲ್ಲ. ಗಂಟು ಬಿಗಿಯುವ ಮೊದಲೇ ದಾರ ಒಣಹುಲ್ಲಿನ ಕಡ್ಡಿಯಂತೆ ಮುರಿಯಿತು.

ಒಲೆಯ ಹೊಗೆಯಲ್ಲಿ ಮೂವತ್ತು ವರ್ಷ ಒಣಗಿದ ದಾರ. ಹೊಲಿಯುವಾಗ ಮೇಣದ ಬಿಸಿಗೆ ಬಗ್ಗಿತ್ತು, ಮೇಣ ತಣಿದ ಮೇಲೆ ಸತ್ತಿತ್ತು. ಸೀದಾ ಎಳೆದಾಗ ಗುಂಡುಕಲ್ಲನ್ನು ತಡೆಯಿತೆಂದು ಬೀಗಿದ್ದಳಲ್ಲ, ಪೆದ್ದರ ಪರೀಕ್ಷೆಯನ್ನು ಅವಳೇ ಮಾಡಿದ್ದಳು. ಇದೇ ದಾರದ ಹನ್ನೊಂದು ಹೊಲಿಗೆಯ ಮೇಲೆ ಈ ಹೊತ್ತಿನಲ್ಲಿ ಯೋಗೇಶ್ ಬೆನ್ನು ಚೆಲ್ಲಿ ನಿಂತಿದ್ದ.

ಫೋನ್ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಮರ ಹತ್ತುವಾಗ ಅವನು ಫೋನನ್ನು ಊಟದ ಚೀಲದಲ್ಲಿಟ್ಟು ಹೋಗುತ್ತಾನೆಂಬುದು ಆಮೇಲೆ ನೆನಪಾಯಿತು. ಮೇಸ್ತ್ರಿ ಬಾಲರಾಜನಿಗೆ ಮಾಡೋಣವೆಂದರೆ ಅವನ ನಂಬರು ಅವಳ ಹತ್ತಿರ ಎಲ್ಲಿಂದ ಬರಬೇಕು?

"ಜೀಪ್ ತೆಗಿ, ಕುಮಾರ."

"ಎಲ್ಲಿಗೆ? ಸಾಹುಕಾರ್ರು ಕಾಯ್ತಿರ್ತಾರೆ..."

"ಸಂಪಿಗೆಕಾನಿಗೆ. ನನ್ನ ಅಳಿಯ ಸಾಯ್ತಾನೆ ಕಣೋ, ತೆಗಿ!"

ಕುಮಾರ್ ಕೂಡಲೇ ಜೀಪು ಹತ್ತಿ ಕೀಲಿ ತಿರುಗಿಸಿದ. ಗುಂಡಿ ಬಿದ್ದ ತೋಟದ ರಸ್ತೆಯಲ್ಲಿ ಜೀಪು ಕುಣಿಯುತ್ತ ಓಡಿತು. ಜವರಮ್ಮ ದಾರಿಯುದ್ದಕ್ಕೂ ಬೈದಳು. ಮುದಿ ಗೂಬೆ, ಕೈಲಾಗದವಳು, ಊರಿಗೆಲ್ಲ ಬುದ್ಧಿ ಹೇಳಿ ಮನೆಯವನನ್ನು ಕೊಲ್ಲುವವಳು. ಅಷ್ಟೂ ತನಗೇ. ಬೈಯುವುದರಲ್ಲಿ ಅವಳಿಗೆ ಎಂದೂ ಮಾತಿಗೆ ಬರವಿರಲಿಲ್ಲ. ಆದರೆ ಎಸ್ಟೇಟಿನ ಗೇಟು ಕಾಣುವ ಹೊತ್ತಿಗೆ ಸುಕನ್ಯಾಳ ಮುಖ ಕಣ್ಣ ಮುಂದೆ ಬಂದು ಬೈಗುಳ ಬತ್ತಿತು. ಅವಳಿಗೆ ಹೆದರಿಕೆಯಾಯಿತು. ಗಂಡ ಸತ್ತಾಗಲೂ ಆಗದಷ್ಟು ಹೆದರಿಕೆ.

ಮರಗಸಿ ನಡೆಯುತ್ತಿದ್ದ ತೋಟದ ಪಟ್ಟಿಯಲ್ಲಿ ಏಳೆಂಟು ಹೆಂಗಸರು ಬಿದ್ದ ಕೊಂಬೆ ಎಳೆದು ರಾಶಿ ಹಾಕುತ್ತಿದ್ದರು. ಬಾಲರಾಜ್ ಕೊಡೆ ಊರಿಕೊಂಡು ಮೇಲೆ ನೋಡುತ್ತ ನಿಂತಿದ್ದ. ಸಿಲ್ವರ್ ಓಕಿನ ನೆತ್ತಿಯ ಹತ್ತಿರ ಯೋಗೇಶ್, ಬೆನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಕತ್ತಿ ಬೀಸುತ್ತಿದ್ದ. ಒಂದೊಂದು ಏಟಿಗೂ ಹಗ್ಗ ಬಿಗಿಯುತ್ತಿತ್ತು.

ಜವರಮ್ಮ ಕೂಗಲು ಬಾಯಿ ತೆರೆದು ಹಾಗೇ ಮುಚ್ಚಿದಳು. ಅವಳ ದನಿ ಕೇಳಿದರೆ ಅವನು ನಗುತ್ತಾನೆ. ನಗುತ್ತ ಇನ್ನಷ್ಟು ಹಿಂದಕ್ಕೆ ಬಾಗಿ ಕೆಳಗೆ ನೋಡುತ್ತಾನೆ. ಒಂಬತ್ತು ವರ್ಷದಲ್ಲಿ ಅವಳು ಕರೆದದ್ದೆಲ್ಲ ಬೈಯುವುದಕ್ಕೇ ಆದ್ದರಿಂದ, ಈಗ ಎಂಥ ಮಾತು ಕೂಗಿದರೂ ಅವನಿಗೆ ಬೈಗುಳವೇ ಆಗಿ ಕೇಳುತ್ತದೆ.

ಬಾಲರಾಜ್ ಅವಳನ್ನು ಕಂಡದ್ದೇ ಬಾಯಗಲಿಸಿದ. "ಓಹೋ, ಜವರಮ್ಮೋರು! ಎಂತ, ನಮ್ಮ ಮರಗಸೀಲೂ ಹೊಲಿಗೆ ತಪ್ಪು ಕಂಡ್ತಾ?" ಹೆಂಗಸರು ಕಿಸಕ್ಕನೆ ನಕ್ಕರು.

ಜವರಮ್ಮ ಹೋಗಿ ಅವನ ತೋಳು ಹಿಡಿದಳು. "ಬಾಲರಾಜಪ್ಪ, ಅವನ ಬೆಲ್ಟಿನ ಹೊಲಿಗೆ ಸತ್ತೋಗಿದೆ. ಭಾರ ಬೀಳ್ದಂಗೆ ಇಳಿಸು ಅವನ್ನ. ನಿನ್ನ ಕಾಲಿಗೆ ಬೀಳ್ತೀನಿ."

"ಹೊಲಿದೋರು ಯಾರು?"

"ನಾನೇ. ಕೆಟ್ಟ ದಾರ ಹಾಕ್ದೆ. ನೋಡ್ದೆ ಹಾಕ್ದೆ. ತಪ್ಪು ನಂದೇ ಮಾರಾಯ."

ಅಷ್ಟೂ ಹೆಂಗಸರಿಗೆ ಕೇಳಿತು. ಜವರಮ್ಮನ ಬಾಯಿಂದ ಅಂಥ ಮಾತು ಬಂದದ್ದನ್ನು ಅಲ್ಲಿದ್ದವರು ಯಾರೂ ಕೇಳಿದವರಲ್ಲ. ನಗು ನಿಂತಿತು. ಬಾಲರಾಜನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು, ಅವನು ಹಳೆಯ ಚಪ್ಪಲಿಯ ಲೆಕ್ಕ ತೀರಿಸಿಕೊಳ್ಳುತ್ತ ನಿಲ್ಲಲಿಲ್ಲ. ಕೊಡೆ ಬಿಸಾಡಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದ: "ಹೆಜ್ಜೇನು! ಹೆಜ್ಜೇನು ಎದ್ದಿದೆ! ಮರ ತಬ್ಕೋ ಯೋಗೇಶ!"

ಮರದ ಮೇಲಿರುವವನಿಗೆ ಆ ಕೂಗು ಕೇಳಿದರೆ ಯಾಕೆ, ಎಲ್ಲಿ ಎಂದು ನೋಡುವ ಪದ್ಧತಿಯಿಲ್ಲ. ಕತ್ತಿ ಬಿಟ್ಟು, ಮರವನ್ನು ಅವಚಿ, ತೊಗಟೆಗೆ ಮುಖ ಒತ್ತಿ ಕಲ್ಲಿನ ಹಾಗೆ ಇರಬೇಕು. ಯೋಗೇಶನ ಕತ್ತಿ ಕೊಂಬೆಗಳಿಗೆ ತಾಗುತ್ತ ಕೆಳಗೆ ಬಿತ್ತು. ಅವನು ಎರಡೂ ಕೈಯಲ್ಲಿ ಮರ ತಬ್ಬಿಕೊಂಡ. ಹಗ್ಗ ಸಡಿಲಾಯಿತು.

"ಹಂಗೇ ಇರು. ಈಗ ತಬ್ಕೊಂಡೇ ಇಳಿ, ನಿಧಾನ. ಬೆಲ್ಟೇ ಇಲ್ಲ ಅಂದ್ಕೋ."

"ಹೆಜ್ಜೇನೆಲ್ಲಿ ಮೇಸ್ತ್ರೀ?"

"ಬಾಯ್ಮುಚ್ಕೊಂಡು ಇಳಿಯೋ!"

ಅವನು ಇಳಿಯತೊಡಗಿದ. ಒಂದೊಂದು ಗೆಣ್ಣಿಗೆ ಕಾಲೂರಿ, ಎದೆ ಉಜ್ಜಿಕೊಂಡು. ಅರ್ಧ ಮರ ಇಳಿದಿರಬೇಕು, ಹಗ್ಗ ಒಂದು ಗೆಣ್ಣಿಗೆ ಸಿಕ್ಕಿಕೊಂಡು ಸೊಂಟ ಒಂದಿಷ್ಟು ಜಗ್ಗಿತು. ಎಡಗಡೆಯ ಬಳೆ ಬೆಲ್ಟಿನಿಂದ ಕಳಚಿಬಂದು ಮರಕ್ಕೆ ಠಣ್ಣೆಂದು ಬಡಿದು ನೇತಾಡಿತು. ಕೆಳಗಿದ್ದ ಹೆಂಗಸರು ಅಯ್ಯೋ ಎಂದರು. ಯೋಗೇಶ್ ಆ ಬಳೆಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಣ್ಣು ಮುಚ್ಚಿ ಮರವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಅವನು ಕಣ್ಣು ತೆರೆದು, ಮರದ ಬುಡಕ್ಕೆ ಒರಗಿಸಿದ್ದ ಏಣಿಯ ತುದಿಗೆ ಕಾಲು ಸಿಗಿಸಿ, ಕೊನೆಗೂ ನೆಲಕ್ಕೆ ಬಂದ.

ಬಂದವನು ಸೊಪ್ಪಿನ ರಾಶಿಯ ಮೇಲೆ ಕೂತ. ಬೆಲ್ಟು ಬಿಚ್ಚಿ ಕಿತ್ತ ಜಾಗವನ್ನು ಹೆಬ್ಬೆರಳಿಂದ ಉಜ್ಜಿದ. ಹೊಲಿಗೆ ಪುಡಿಯಾಗಿ ಉದುರಿತು. ತಲೆಯೆತ್ತಿ ಅತ್ತೆಯನ್ನು ನೋಡಿದಾಗ ಅವನ ಮುಖದಲ್ಲಿ ಆ ಹಳೆಯ ನಗು ಇರಲಿಲ್ಲ.

"ಇದಾ ನೀನು ಆರ್ಸಿದ್ದು?" ಎಂದ.

ಯಾವತ್ತೂ ನೀವು ಎನ್ನುತ್ತಿದ್ದವನು. ಹೆಂಗಸರು ಮುಖ ಬೇರೆ ಕಡೆ ತಿರುಗಿಸಿಕೊಂಡರು.

"ನಾನು ತಂದ ದಾರ ತುಂಡಾಗ್ಲಿಲ್ಲ, ನಿನ್ನ ಕಣ್ಣೆದುರಿಗೇ ತುಂಡಾಗ್ಲಿಲ್ಲ! ಆದ್ರೂ ಬೇಡ. ಯಾಕೆ? ಮಂಗ ತಂದದ್ದು ಅಂತ!" ಅವನು ಎದ್ದು ನಿಂತಿದ್ದ. "ನಾನು ತಂದ ಮೀನು ಸರಿಯಿಲ್ಲ, ಕಟ್ಟಿದ ಬೇಲಿ ಸರಿಯಿಲ್ಲ, ಮಕ್ಳಿಗೆ ಇಟ್ಟ ಹೆಸ್ರೂ ಸರಿಯಿಲ್ಲ. ಒಂಬತ್ತು ವರ್ಷ ನಗಾಡ್ಕೊಂಡೇ ಇದ್ದೆ, ದೊಡ್ಡೋಳು, ಹೋಗ್ಲಿ ಅಂತ. ನಿನ್ನ ಸೊಕ್ಕಿಗೆ ನನ್ನ ಹೆಂಡ್ತಿ ವಿಧವೆ ಆಗ್ಬೇಕಿತ್ತಾ? ಅವಳು ನಿನ್ನ ಮಗಳಲ್ವಾ? ಕೈಲಾಗ್ದೆ ಇದ್ರೆ ದಬ್ಬಣ ಕೆಳಗಿಡು. ಊರೋರಿಗೆಲ್ಲ ಬೈಯಾಕೆ ಕೂತಿದೀಯಲ್ಲ, ನಾಚ್ಕೆ ಆಗಲ್ವಾ ನಿಂಗೆ?"

ಉಸಿರು ಸಾಲದೆ ಅವನು ನಿಂತ. ಬಾಲರಾಜನಿಗೇ ಕಸಿವಿಸಿಯಾಯಿತು. "ಸಾಕು ಬಿಡೋ, ಹಿರಿಯೋರು" ಎಂದು ನಡುವೆ ಕೈ ಅಡ್ಡ ಹಿಡಿದ. ಒಂದು ಮಾತಿಗೆ ಹತ್ತು ಮಾತು ಹಿಂದಕ್ಕೆ ಎಸೆಯದೆ ಬಿಟ್ಟವಳಲ್ಲ ಜವರಮ್ಮ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಅವಳು ಬಾಲರಾಜನ ಕೈಯನ್ನು ಪಕ್ಕಕ್ಕೆ ಸರಿಸಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಳಿಯನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು, ಮಣ್ಣಿನ ಮೇಲೆ ಊರಿದ ಅವನ ಎರಡು ಪಾದ ನೋಡಿದಳು.

"ನೀನು ತಡೀಬೇಡ, ಬಾಲರಾಜಪ್ಪ. ಬೈಯಲಿ ಅವನು" ಎಂದಳು. "ಬೈ ಮಾರಾಯ. ಸಾಕಾಗೋವರೆಗೂ ಬೈ. ಹಿಂಗೇ ನೆಲದ ಮೇಲೆ ನಿಂತ್ಕೊಂಡು ಬೈ."